ಲಕ್ವಾದ ಹಾಡಿನಲ್ಲಿ ಇಲ್ಲದ ಸಾಲು

ನಾನು ಎರಡನೆಯ ಇಯತ್ತೆ ದಾಟಿದವಳಲ್ಲ. ಅಕ್ಷರಕ್ಕೆ ಅಕ್ಷರ ಕೂಡಿಸಿದರೆ ಓದಲು ಬರುತ್ತದೆ. ಬರೆದರೆ ಬೆರಳು ನೋಯುತ್ತವೆ. ಆದರೂ ಬರೆಯುತ್ತಿದ್ದೇನೆ. ನಾನು ಕಟ್ಟಿದ ಒಂದು ಹಾಡನ್ನು ಹೊಗಳುವವರು ಈಗ ಹೆಚ್ಚಾಗಿದ್ದಾರೆ. ಆ ಹಾಡು ಹಾಡಿದ ಮನೆಯಲ್ಲಿ ಏನಾಯಿತು ಎಂದು ಕೇಳುವವರು ಒಬ್ಬರೂ ಇಲ್ಲ. ಕೇಳದಿದ್ದರೂ ಹೇಳುತ್ತೇನೆ.

ನಮ್ಮ ಮನೆ ಬನಹಟ್ಟಿಯಲ್ಲಿ. ಮುಂದಿನ ಕೋಣೆಯಲ್ಲಿ ಎರಡು ಮಗ್ಗ, ಕರೆಂಟಿನವು. ಹಿಂದಿನ ಕೋಣೆಯಲ್ಲಿ ನಾವು. ಮಗ್ಗ ನಡೆದಿರುವಾಗ ಮನೆಯಲ್ಲಿ ಪಿಸುಮಾತು ಎಂಬುದಿಲ್ಲ, ಗುಟ್ಟೂ ಇಲ್ಲ. ಉಪ್ಪು ಕೊಡು ಎನ್ನುವುದನ್ನೂ ಒದರಿಯೇ ಹೇಳಬೇಕು. ಮಗನ ಮಗಳು ಜಮಖಂಡಿಗೆ ದಿನಾ ಬಸ್ಸಿನಲ್ಲಿ ಹೋಗಿ ನರ್ಸಿಂಗ್ ಓದುತ್ತಿದ್ದಳು. ಆ ವರ್ಷ ಅವಳಿಗೆ ತುರ್ತು ಚಿಕಿತ್ಸೆಯ ಪರೀಕ್ಷೆ. ಮೊದಲ ಸಲ ಅದರಲ್ಲಿ ಫೇಲಾಗಿದ್ದಳು. ಆದ್ದರಿಂದ ಒಲೆಯ ಮುಂದೆ ಕುಳಿತು ಇಂಗ್ಲಿಷ್ ಅಕ್ಷರಗಳನ್ನು ಮಗ್ಗಕ್ಕಿಂತ ಜೋರಾಗಿ ಒದರುತ್ತಿದ್ದಳು.

ನಾನು ಮಗ್ಗದ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತ ಕೇಳಿದೆ, “ಏನಬೇ ಅದು, ಎಬಿಸಿಡಿ? ಲಗ್ನದ ವಯಸ್ಸಿನಾಗ ಬಾಲವಾಡಿ ಪಾಠೇನು?”

“ಆಯಿ, ನೀ ಸುಮ್ನ ನೂಲ ಸುತ್ತು. ಎ ಅಂದ್ರ ಗಾಳಿ ಹೋಗೂ ದಾರಿ. ಬಿ ಅಂದ್ರ ಉಸಿರು. ಸಿ ಅಂದ್ರ ರಕ್ತ ಓಡೂದು. ಮನಷ್ಯಾ ಬಿದ್ದದ್ದು ಕಂಡ ಕೂಡಲೇ ಗಾಬರಿ ಆಗತೈತಿ. ಗಾಬರಿ ಆದ್ರ ತಲಿ ಖಾಲಿ. ಅದಕ್ಕ ಅಕ್ಷರ ಹಿಡಕೊಂಡು ನೆನಪ ಇಡೂದು.”

“ಗಾಬರಿ ಆದಾಗ ನಿನಗ ಇಂಗ್ಲಿಷ್ ನೆನಪ ಬರತೈತೇನು?”

“ಬಂದಿದ್ರ ಫೇಲ್ ಯಾಕ ಆಗತಿದ್ದೆ?” ಎಂದು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಳು.

ನೆನಪಿಡುವುದು ಓದು ಬಾರದವರಿಗೆ ಹೊಸದಲ್ಲ. ನಮ್ಮವ್ವನಿಗೆ ಒಂದು ಅಕ್ಷರ ಬರುತ್ತಿರಲಿಲ್ಲ. ಬಾಣಂತಿಗೆ ಕೊಡುವ ಅಂಟಿನುಂಡಿಗೆ ಏನೇನು ಬೀಳಬೇಕು, ಯಾವುದು ಮೊದಲು ಹುರಿಯಬೇಕು, ಯಾವುದನ್ನು ಕೊನೆಗೆ ಹಾಕಬೇಕು ಎಂಬುದನ್ನೆಲ್ಲ ಬೀಸುವ ಹಾಡಿನೊಳಗೆ ಹಾಕಿದ್ದಳು. ಅಂಟು, ಉತ್ತತ್ತಿ, ಗಸಗಸಿ, ಅಳವಿ, ಕೊಬ್ಬರಿ, ಬೆಲ್ಲ, ಎಲ್ಲವೂ ಅದರಲ್ಲಿದ್ದವು. ನಾನೂ ನನ್ನ ತಂಗಿಯೂ ಬೀಸುಕಲ್ಲಿನ ಗೂಟವನ್ನು ಆ ಕಡೆ ಈ ಕಡೆ ಹಿಡಿದು ಹಾಡುತ್ತಿದ್ದೆವು. ಉಂಡಿ ಕಟ್ಟುವ ದಿನ ಒಂದು ಮರೆತರೆ ಹಾಡು ಅಲ್ಲಿಯೇ ಕಾಲು ಮುರಿದುಕೊಂಡು ನಿಲ್ಲುತ್ತಿತ್ತು. ಇದನ್ನು ಮೊಮ್ಮಗಳಿಗೆ ಹೇಳಿದೆ. ಅವಳು ನಕ್ಕಳು. “ಆಯಿ, ಇದು ಉಂಡಿ ಅಲ್ಲ, ಜೀಂವ” ಎಂದಳು.

ಮರುದಿನ ತಲೆದಿಂಬನ್ನು ನೆಲಕ್ಕೆ ಹಾಕಿಕೊಂಡು ಎರಡೂ ಅಂಗೈಯಿಂದ ಒತ್ತುತ್ತಿದ್ದಳು. ಎದೆ ನಿಂತವರಿಗೆ ಹಾಗೆ ಒತ್ತಬೇಕಂತೆ. ಒತ್ತುವ ಗತಿ ಒಮ್ಮೆ ಓಡುತ್ತಿತ್ತು, ಒಮ್ಮೆ ಕುಂಟುತ್ತಿತ್ತು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅವಳು ಫೋನಿನಲ್ಲಿ ನಿಮಿಷದ ಲೆಕ್ಕ ಹಚ್ಚಿ ನನ್ನ ಕೈಯನ್ನೇ ನೋಡುತ್ತ ಕುಳಿತಳು. “ಹೊಂದತೈತಿ ಆಯಿ. ರೊಟ್ಟಿ ಬಡದಂಗ ಒತ್ತಿದ್ರ ಬರೋಬ್ಬರಿ ಬರತೈತಿ” ಎಂದಳು. ಅದರಲ್ಲಿ ನನ್ನ ಶ್ಯಾಣೇತನವೇನೂ ಇಲ್ಲ. ಜೋಳದ ಹಿಟ್ಟು ಅದಕ್ಕಿಂತ ನಿಧಾನವಾದರೆ ಬಿರಿಯುತ್ತದೆ, ಅದಕ್ಕಿಂತ ಜೋರಾದರೆ ಹರಿಯುತ್ತದೆ. ಕೈಗೆ ಅದೊಂದೇ ಗತಿ ಗೊತ್ತು. ಆದರೆ ಅವತ್ತಿನಿಂದ ಅವಳು ನನ್ನ ಪಕ್ಕದಲ್ಲಿ ಕುಳಿತು ಓದತೊಡಗಿದಳು.

ಲಕ್ವಾದ ಪಾಠ ಬಂದದ್ದು ಶ್ರಾವಣದಲ್ಲಿ. ಆಗ ನನ್ನ ತಂಗಿ ಬೀಳಗಿಯಿಂದ ಬಂದು ನಮ್ಮಲ್ಲಿ ಉಳಿದಿದ್ದಳು. ಅವಳನ್ನು ಬೀಳಗಿ ಕಡೆಯ ಒಕ್ಕಲುತನದ ಮನೆಗೆ ಕೊಟ್ಟಿತ್ತು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಹೊಲ ನೀರಿನ ದಂಡೆಗೆ, ಮನೆ ಊರೊಳಗೆ. ಅವಳ ಕಂಠ ನನ್ನದರ ಹಾಗಲ್ಲ. ನಾನು ಹಾಡಿದರೆ ಮಗ್ಗದ ಸದ್ದಿಗೆ ಇನ್ನೊಂದು ಮಗ್ಗ ಕೂಡಿದ ಹಾಗೆ. ಅವಳು ಹಾಡಿದರೆ ನನ್ನ ಮಗ ಮಗ್ಗ ನಿಲ್ಲಿಸುತ್ತಿದ್ದ. ನಮ್ಮ ಮನೆಯಲ್ಲಿ ಮಗ್ಗ ನಿಲ್ಲುವುದೆಂದರೆ ಕರೆಂಟು ಹೋದಾಗ ಮತ್ತು ನನ್ನ ತಂಗಿ ಹಾಡಿದಾಗ.

ಮೊಮ್ಮಗಳು ನಮ್ಮಿಬ್ಬರಿಗೂ ಬಿಡಿಸಿ ಹೇಳಿದಳು. ಲಕ್ವಾ ಹೊಡೆದರೆ ಮುಖ ನೋಡಬೇಕು, ನಗಿಸಿದರೆ ಬಾಯಿ ಒಂದು ಕಡೆ ಸೊಟ್ಟ. ಎರಡೂ ಕೈ ಎತ್ತಿಸಬೇಕು, ಒಂದು ಜೋತು ಬೀಳುತ್ತದೆ. ಮಾತಾಡಿಸಬೇಕು, ತೊದಲುತ್ತದೆ. ನಾಲ್ಕನೆಯದು ವೇಳೆ.

“ನಾಕೂವರಿ ತಾಸಿನೊಳಗ ದೊಡ್ಡ ದವಾಖಾನಿ ಮುಟ್ಟಿದ್ರ ತಲಿ ಫೋಟೋ ತಗದು ನೋಡ್ತಾರ. ರಕ್ತದ ಗಂಟು ಕಂಡ್ರ ಕರಗಸೂ ಸೂಜಿ ಮಾಡ್ತಾರ. ಎಲ್ಲಾರಿಗೂ ಆಗೂದಿಲ್ಲ. ಆದ್ರ ವ್ಯಾಳ್ಯಾ ಮೀರಿದ್ರ ಯಾರಿಗೂ ಆಗೂದಿಲ್ಲ” ಎಂದಳು.

ಇದಕ್ಕೂ ನಾಲ್ಕು ಇಂಗ್ಲಿಷ್ ಅಕ್ಷರ ಇದ್ದವು. ಅವಳಿಗೆ ಎರಡು ನೆನಪಿರುತ್ತಿದ್ದವು, ಎರಡು ಹಾರುತ್ತಿದ್ದವು. ನಾನು ರೊಟ್ಟಿಯ ಗತಿಗೆ ಮೂರು ಸಾಲು ಜೋಡಿಸಿದೆ. ನನ್ನ ಬಾಯಲ್ಲಿ ಕೇಳಿ ತಂಗಿ ಮುಖ ಕಿವಿಚಿದಳು.

“ಅಕ್ಕಾ, ನಿನ್ನ ಹಾಡು ಹಂಚಿನ ಮ್ಯಾಲ ಹರದ ರೊಟ್ಟಿ ಆಗೇತಿ. ಇತ್ತ ಕೊಡು.”

“ತಗೋ, ನೀ ಬಡಿ. ದೊಡ್ಡ ಗಾಯಕಿ.”

ಅವಳು ಎರಡು ಮಾತು ತೆಗೆದಳು, ಒಂದು ಮಾತು ಸೇರಿಸಿದಳು, ರಾಗ ಹಾಕಿದಳು. ಅದು ಹೀಗಾಯಿತು:

ನಗಸಿ ನೋಡ ತಂಗಿ ಬಾಯಿ ಸೊಟ್ಟಾಗೇತೇನ
ಕೈಯೆತ್ತಿ ನೋಡ ಜೋತಾವೇನ, ಮಾತಾಡ್ಸಿ
ಗಡಿಯಾರ ನೋಡಿ ಗಾಡಿ ತರಸವ್ವ

ಇಷ್ಟೇ. ಇದರಲ್ಲಿ ಕಾವ್ಯವೇನೂ ಇಲ್ಲ. ಆದರೆ ಒಮ್ಮೆ ಕೇಳಿದರೆ ಬಿಡುವುದಿಲ್ಲ. ಮೊಮ್ಮಗಳು ಪಾಸಾದಳು. ತಂಗಿ ಹಾಡನ್ನು ಬೀಳಗಿಗೆ ಒಯ್ದಳು. ಅವಳ ಮನೆಯ ಹಿತ್ತಲಲ್ಲಿ ಸಂಘದ ಹೆಂಗಸರು ಕೂಡಿ ಮಾರುವುದಕ್ಕೆ ಗರಿಗರಿ ಕಟಕ ರೊಟ್ಟಿ ಮಾಡುತ್ತಿದ್ದರು. ಸಾಲಾಗಿ ಒಲೆ, ಸಾಲಾಗಿ ಹೆಂಗಸರು. ಅವರ ಬಾಯಿಗೆಲ್ಲ ಹಾಡು ಹತ್ತಿತು. ತಂಗಿಯ ಸೊಸೆ ಅದನ್ನು ಫೋನಿನಲ್ಲಿ ಹಿಡಿದು ಕಳಿಸಿದಳು. ಅದು ಮುಧೋಳಕ್ಕೆ ಹೋಗಿ, ಜಮಖಂಡಿಗೆ ಹೋಗಿ, ತಿರುಗಿ ನಮ್ಮ ಓಣಿಯ ಹೆಂಗಸರ ಫೋನಿಗೇ ಬಂತು. ನಮ್ಮದು ಎಂದರೆ ಯಾರೂ ನಂಬಲಿಲ್ಲ. ಆರೋಗ್ಯ ಇಲಾಖೆಯ ಒಂದು ಕಾರ್ಯಕ್ರಮದಲ್ಲಿ ಮೈಕಿನ ಮುಂದೆ ನಮ್ಮಿಬ್ಬರನ್ನು ನಿಲ್ಲಿಸಿ ಶಾಲು ಹೊದಿಸಿದರು. ನಡು ಬೇಸಿಗೆಯಲ್ಲಿ ಶಾಲು. ತಂಗಿ ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದಳು, “ಅಕ್ಕಾ, ಬೆವತು ಬಿದ್ದಗಿದ್ದೀ. ಬಿದ್ರ ಮೊದಲ ನಗಸಿ ನೋಡ್ತೀನಿ.” ನಾವು ಮೈಕಿನ ಮುಂದೆ ಹುಚ್ಚರ ಹಾಗೆ ನಕ್ಕೆವು. ಅವಳ ನೆಟ್ಟಗಿನ ನಗೆಯನ್ನು ನಾನು ಕೊನೆಗೆ ಕಂಡದ್ದು ಅಲ್ಲಿ.

ಈಗ ಆ ಮನೆಯ ಸಂಗತಿ ಹೇಳಬೇಕು. ತಂಗಿಯ ಗಂಡ ಹೋದ ಮೇಲೆ ಮನೆತನ ನಡೆಸುವವನು ಅವಳ ಭಾವ, ಗಂಡನ ಅಣ್ಣ. ನೆಟ್ಟಗೆ ನಡೆಯುವ ಮುದುಕ, ಹಣೆ ತುಂಬ ವಿಭೂತಿ. ಆ ಮನೆಯಲ್ಲಿ ಒಂದು ಜೀಪಿದೆ. ಅದರ ಕೀಲಿ ಅವನ ಅಂಗಿಯ ಕಿಸೆಯಲ್ಲಿ. ಓಡಿಸುವವನು ತಂಗಿಯ ಮಗ, ಆದರೆ ಕೀಲಿ ದೊಡ್ಡಪ್ಪನ ಹತ್ತಿರ. ಸಂತೆಗಾಗಲಿ, ಲಗ್ನಕ್ಕಾಗಲಿ, ತವರಿಗಾಗಲಿ, ಅವನ ಬಾಯಿಂದ ಹೂಂ ಬಂದ ಮೇಲೆ ಜೀಪು ಅಂಗಳ ಬಿಡುವುದು. ಇದು ಅವನೊಬ್ಬ ಹಾಕಿದ ಕಟ್ಟಳೆಯಲ್ಲ. ಆ ಕಡೆಯ ಹತ್ತು ಮನೆ ನೋಡಿದರೆ ಒಂಬತ್ತರಲ್ಲಿ ಹೀಗೆಯೇ. ಅದು ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ, ನನಗೂ.

ಅವತ್ತು ಮುಂಜಾನೆ ತಂಗಿ ಹಿತ್ತಲಲ್ಲಿ ಎಲ್ಲರ ಜೊತೆ ರೊಟ್ಟಿ ಬಡಿಯುತ್ತಿದ್ದಳಂತೆ. ಹಿಟ್ಟಿನ ಉಂಡಿ ಬಲಗೈಯಿಂದ ಜಾರಿ ಬೂದಿಯಲ್ಲಿ ಬಿತ್ತು. ಇನ್ನೊಂದು ತೆಗೆದುಕೊಂಡಳು, ಅದೂ ಬಿತ್ತು. ಸೊಸೆ ನಗಾಡಿದಳು, “ಅತ್ತೀ, ಇವತ್ತ ಬೂದಿಗೆ ಉಣಸಾಕತ್ತೀರೇನು?” ತಂಗಿ ತಲೆ ಎತ್ತಿದಳು. ಬಾಯಿ ಸೊಟ್ಟಗಾಗಿತ್ತು.

ಮುಂದೆ ಆದದ್ದನ್ನು ಸೊಸೆಯೂ ಹೇಳಿದ್ದಾಳೆ, ಅಲ್ಲಿದ್ದ ಹೆಂಗಸರೂ ಹೇಳಿದ್ದಾರೆ, ಎಲ್ಲರದೂ ಒಂದೇ ಮಾತು. ಅವರು ಗಾಬರಿಯಾದರು, ಆದರೆ ತಲೆ ಖಾಲಿಯಾಗಲಿಲ್ಲ. ಹಾಡು ಇತ್ತಲ್ಲ. ಒಬ್ಬಳು ನಗು ಎಂದಳು, ಅರ್ಧ ಬಾಯಿ ನಕ್ಕಿತು. ಒಬ್ಬಳು ಕೈ ಎತ್ತಿಸಿದಳು, ಬಲಗೈ ಸೆರಗಿನ ಹಾಗೆ ಜೋತು ಬಿತ್ತು. ನಿಮ್ಮ ಹೆಸರೇನು ಎಂದು ಕೇಳಿದರು, ಬಾಯಿಂದ ಗಾಳಿ ಬಂತು. ಸೊಸೆ ಓಡಿ ಹೋಗಿ ಗಡಿಯಾರ ನೋಡಿದಳು. ಎಂಟೂ ಕಾಲು. ಹಾಡು ಹೇಳಿದ್ದನ್ನೆಲ್ಲ ಮಾಡಿದರು. ಓದಿದವರಿಗಿಂತ ಮೇಲಾಗಿ ಮಾಡಿದರೆಂದು ನಾನು ಹೇಳುವುದಿಲ್ಲ, ಕಲಿಸಿದ್ದನ್ನು ಮಾಡಿದರು. ಉಳಿದದ್ದು ಗಾಡಿ ತರಿಸುವುದು. ಕೀಲಿ ಹೊಲದಲ್ಲಿತ್ತು, ಭಾವನ ಕಿಸೆಯಲ್ಲಿ.

ಫೋನು ಮಾಡಿದರು. “ಬರ್ತೀನಿ. ನಾ ಬರೂತನಕಾ ಯಾರೂ ಏನೂ ಮಾಡಬ್ಯಾಡ್ರಿ” ಎಂದ. ಅವನು ಸ್ನಾನ ಮಾಡಿ ಬಂದನೋ, ಬೆಳೆಗೆ ನೀರು ಬಿಟ್ಟು ಬಂದನೋ ಗೊತ್ತಿಲ್ಲ. ಬರುವುದಕ್ಕೆ ಒಂದು ತಾಸಿನ ಮೇಲಾಯಿತು. ಅಷ್ಟರಲ್ಲಿ ಸೊಸೆ ನನಗೆ ಫೋನು ಹಚ್ಚಿದ್ದಳು.

“ದೊಡ್ಡತ್ತೀ, ಹಾಡಿನಾಗಿಂದೆಲ್ಲಾ ಆಗೇತ್ರಿ ಅತ್ತಿಗೆ” ಎಂದಳು. ಅಷ್ಟೇ ಸಾಕಾಯಿತು. ಅವತ್ತು ಕಾಲೇಜಿಗೆ ಸೂಟಿ, ಮೊಮ್ಮಗಳು ಮನೆಯಲ್ಲಿದ್ದಳು. ಫೋನು ಅವಳ ಕೈಗೆ ಕೊಟ್ಟೆ. ಬಾಯಿಗೆ ಏನೂ ಹಾಕಬೇಡಿರಿ, ಒಂದು ಮಗ್ಗುಲಿಗೆ ಮಲಗಿಸಿರಿ, ಬಾಗಲಕೋಟೆಯ ದವಾಖಾನೆಗೆ ನಡೆಯಿರಿ ಎಂದು ಹೇಳಿದಳು. ಭಾವ ಬಂದದ್ದು ಫೋನಿನಲ್ಲೇ ಕೇಳಿಸಿತು. ಮೊಮ್ಮಗಳು ಅವನಿಗೇ ಫೋನು ಕೊಡಲು ಹೇಳಿದಳು.

“ಅಜ್ಜಾ, ಲಗೂನ ದವಾಖಾನಿಗೆ ಒಯ್ರಿ. ವ್ಯಾಳ್ಯಾ ಐತಿ ಇನ್ನ.”

“ಯವ್ವಾ, ನೀ ಕಲ್ತಾಕಿ, ಖರೆ. ನಮ್ಮ ಮನಿಯಾಕಿಗೂ ಹಿಂಗ ಬಾಯಿ ಸೊಟ್ಟಾಗಿತ್ತು. ಹೊಳಿ ಆಚೆ ಔಷಧ ಕೊಡಾಂವ ಒಬ್ಬಾಂವ ಅದಾನ. ಪಾರಿವಾಳದ ಬಿಸಿ ರಕ್ತ ಒರಸಿದಾ, ಬೇರ ಅರದ ಕುಡಿಸಿದಾ. ತಿಂಗಳದಾಗ ನೆಟ್ಟಗಾತು. ಅದಕ್ಕೊಂದ ಪಥ್ಯ ಐತಿ. ಮೈಗೆ ಸೂಜಿ ಹತ್ತಿದ್ರ ಆ ಔಷಧ ಹತ್ತೂದಿಲ್ಲ. ಮೊದಲ ಅಲ್ಲಿ. ಆಮ್ಯಾಲ ನಿನ್ನ ದವಾಖಾನಿ.”

“ಅಜ್ಜಿಗೆ ಆಗಿದ್ದು ಬ್ಯಾರೆ ರೀ ಅಜ್ಜಾ. ಅದು ಬರೇ ಮುಖದ ನರದ್ದು, ಔಷಧ ಕೊಡದಿದ್ರೂ ಬಹಳ ಮಂದಿಗೆ ತಾನ ಹೋಗತೈತಿ. ಅವರಿಗೆ ಕೈ ಬಿದ್ದಿತ್ತೇನು? ಮಾತ ಹೋಗಿತ್ತೇನು?”

“ಲಕ್ವಾ ಅಂದ್ರ ಲಕ್ವಾ, ಯವ್ವಾ” ಎಂದು ಫೋನು ಇಟ್ಟ.

ಮೊಮ್ಮಗಳು ಸುಮ್ಮನೆ ಕೂಡಲಿಲ್ಲ. ಇಲ್ಲಿಂದಲೇ ಆಂಬುಲೆನ್ಸಿಗೆ ಫೋನು ಮಾಡಿ ಆ ಮನೆಯ ಗುರುತು ಹೇಳಿದಳು. ಅದು ಹೋಯಿತು. ಬಾಗಿಲ ಮುಂದೆ ನಿಂತಿತು. ಭಾವ ಕಟ್ಟೆಯ ಮೇಲೆ ನಿಂತು, ನಾವು ಕರೆದಿಲ್ಲ, ನಮ್ಮ ಮನೆಯಲ್ಲಿ ಜೀಪಿದೆ, ಹೋಗಿರಿ ಎಂದ. ಮನೆಯ ಹಿರಿಯ ಬೇಡವೆಂದ ಮೇಲೆ ಅದರಲ್ಲಿ ಬಂದವರು ಎಷ್ಟೆಂದು ಕೇಳಿಕೊಂಡಾರು. ಕೇಳಿಕೊಂಡರಂತೆ, ಪಾಪ. ಆಮೇಲೆ ಹೋದರು. ಒಳಗೆ ಹೆಂಗಸರು ಗೋಡೆ ಹಿಡಿದು ನಿಂತಿದ್ದರು. ಅವರೆಲ್ಲರ ಬಾಯಲ್ಲಿ ಹಾಡಿತ್ತು, ಕಟ್ಟೆಯ ಮೇಲೆ ಬಂದು ಹೇಳುವ ಬಾಯಿ ಮಾತ್ರ ಇರಲಿಲ್ಲ.

ಜೀಪು ಅಂಗಳ ಬಿಟ್ಟಿತು. ದವಾಖಾನೆಯ ದಾರಿ ಹಿಡಿಯಲಿಲ್ಲ, ಹೊಳೆಯ ದಾರಿ ಹಿಡಿಯಿತು. ಮುಂದೆ ಭಾವ, ಓಡಿಸಲು ತಂಗಿಯ ಮಗ, ಹಿಂದೆ ತಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಸೊಸೆ. ಸೊಸೆ ಹೇಳಿದ್ದನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ, ಯಾಕೆಂದರೆ ಇದನ್ನು ಬರೆಯುವುದಕ್ಕಾಗಿಯೇ ಕುಳಿತಿದ್ದೇನೆ.

ಹೊಳೆಯ ಸೇತುವೆ ಬಂದಾಗ ತಂಗಿಗೆ ದಾರಿ ತಿಳಿಯಿತು. ಮಾತು ಹೋಗಿತ್ತು, ತಿಳಿವಳಿಕೆ ಹೋಗಿರಲಿಲ್ಲ. ಎಡಗೈಯಿಂದ ಸೊಸೆಯ ಸೆರಗು ಜಗ್ಗಿದಳು. ತನ್ನ ಬಾಯಿ ಮುಟ್ಟಿ ತೋರಿಸಿದಳು. ಬಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಬಿಟ್ಟು ತೋರಿಸಿದಳು. ಆಮೇಲೆ ಸೊಸೆಯ ಆಸರೆಯಲ್ಲಿ ಮುಂದೆ ಬಾಗಿ ಮಗನ ಮಣಿಕಟ್ಟಿನ ಗಡಿಯಾರವನ್ನು ಬೆರಳಿನಿಂದ ಬಡಿದಳು. ಮತ್ತೆ ಬಾಯಿ, ಮತ್ತೆ ಕೈ, ಮತ್ತೆ ಗಡಿಯಾರ. ಹಾಡನ್ನು ಕೈಯಿಂದ ಹಾಡುತ್ತಿದ್ದಳು.

ಸೊಸೆ ಗಂಡನಿಗೆ ಹೇಳಿದಳು, “ನಿಮ್ಮವ್ವ ಗಡಿಯಾರ ತೋರಸಾಕತ್ತಾಳ್ರಿ. ತಿರಗಸ್ರಿ ಗಾಡಿ.”

“ದೊಡ್ಡಪ್ಪಾರು ಮುಂದ ಕುಂತಾರ. ಸುಮ್ನ ಕುಂದರಬೇ.”

ಅವನು ಗಡಿಯಾರದ ಕೈಯನ್ನು ಕೆಳಗಿಳಿಸಿಕೊಂಡು ಒಂದೇ ಕೈಯಲ್ಲಿ ಓಡಿಸಿದ. ಐವತ್ತರ ಹತ್ತಿರದ ಗಂಡಸು, ತಲೆಯಲ್ಲಿ ಬಿಳಿಕೂದಲು. ಅವನನ್ನು ಹುಟ್ಟಿದ ದಿನ ಎತ್ತಿಕೊಂಡವಳು ನಾನು. ಅವನನ್ನು ಹೆತ್ತ ತಂಗಿಗೆ ಅಂಟಿನುಂಡಿ ಕಟ್ಟಿದವಳೂ ನಾನೇ.

ಇತ್ತ ನಾನೂ ಮೊಮ್ಮಗಳೂ ಬಸ್ಸು ಹಿಡಿದಿದ್ದೆವು. ಜಮಖಂಡಿಯಲ್ಲಿ ಇಳಿದು ಬೀಳಗಿಯ ಬಸ್ಸಿಗೆ ನಿಂತೆವು. ಮೊಮ್ಮಗಳು ಫೋನಿನಲ್ಲಿ ವೇಳೆ ನೋಡುತ್ತಿದ್ದಳು. “ಇನ್ನ ಐತಿ ಆಯಿ” ಎಂದಳು. ಬಸ್ಸು ಬಂತು, ಹತ್ತಿದೆವು. “ಇನ್ನ ಐತಿ” ಎಂದಳು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ ನಿಂತಿತ್ತು, ಡ್ರೈವರು ಇಳಿದು ಹೋಗಿ ಚಹಾ ಕುಡಿದು ಬಂದ. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು. ನಾನು ಕೇಳುವುದನ್ನೂ ಬಿಟ್ಟೆ. ಅವಳು ಫೋನನ್ನು ಚೀಲದೊಳಗೆ ಇಟ್ಟು ಕಿಟಕಿಯ ಹೊರಗೆ ಮುಖ ಮಾಡಿದಳು.

ನಾವು ಮನೆ ಮುಟ್ಟಿದಾಗ ಅವರೂ ಆಗಲೇ ತಿರುಗಿ ಬಂದಿದ್ದರು. ತಂಗಿಯನ್ನು ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿಸಿದ್ದರು. ಬಲಗೈಗೂ ಕಾಲಿಗೂ ಒಣಗಿದ ರಕ್ತ. ಅದರ ಮೇಲೆ ನೊಣ. ಬಾಯಿಯ ಸುತ್ತ ಹಸಿರು ರಸ ಅಂಟಿತ್ತು, ಸೀರೆಯ ಮೇಲೂ ಇಳಿದಿತ್ತು. ಆ ಮನೆಯವರು ಹೇಗೆಂದರೆ ಅಂಗಳದಲ್ಲಿ ಯಾರೋ ಎಸೆದ ಮೊಟ್ಟೆಯ ಸಿಪ್ಪೆ ಕಂಡರೆ ಸಗಣಿ ಹಾಕಿ ಸಾರಿಸುವವರು. ಲಿಂಗಪೂಜೆಯಾಗದೆ ನೀರು ಕುಡಿಯದವರು. ಅವರು ಒಂದು ಪಾರಿವಾಳದ ಕುತ್ತಿಗೆ ಕೊಯ್ಯಿಸಿ, ಅದರ ರಕ್ತವನ್ನು ನನ್ನ ತಂಗಿಗೆ ಹಚ್ಚಿಸಿಕೊಂಡು ಬಂದಿದ್ದರು. ಕೊಯ್ಯುವಾಗ ಭಾವ ಆ ಕಡೆ ಮುಖ ತಿರುಗಿಸಿ ನಿಂತಿದ್ದನಂತೆ.

ನಾನು ಅವನ ಮುಂದೆ ಹೋಗಿ ಕೈ ಚಾಚಿದೆ. “ಅಣ್ಣಾರ, ಕೀಲಿ ಕೊಡ್ರಿ.”

“ಅಕ್ಕಾರ, ಇವತ್ತೊಂದ ದಿನ ಔಷಧ ಮೈಗೆ ಹತ್ತಲಿ ಅಂದಾನ ಆಂವ.”

“ಔಷಧ ಹತ್ತೇತಿ. ನೊಣಾನೂ ಹತ್ಯಾವ. ಕೀಲಿ ಕೊಡ್ರಿ.”

ನನ್ನ ಜೀವಮಾನದಲ್ಲಿ ತಂಗಿಯ ಭಾವನ ಮುಂದೆ ತಲೆಯ ಮೇಲಿನ ಸೆರಗು ಸರಿಸಿ ನಿಂತವಳಲ್ಲ. ಅವತ್ತು ಸೆರಗು ಎಲ್ಲಿತ್ತೋ ನನಗೆ ನೆನಪಿಲ್ಲ. ಅವನು ಬಹಳ ಹೊತ್ತು ನನ್ನ ಕೈ ನೋಡಿದ. ಕೊನೆಗೆ ಕೀಲಿ ತೆಗೆದ. ನನ್ನ ಕೈಗೆ ಕೊಡಲಿಲ್ಲ, ತಂಗಿಯ ಮಗನ ಕಡೆ ಎಸೆದ.

ಬಾಗಲಕೋಟೆ ಮುಟ್ಟಿದಾಗ ಸಂಜೆ. ಡಾಕ್ಟರು ಸಣ್ಣ ವಯಸ್ಸಿನವನು. ಮೊದಲು ಕೇಳಿದ್ದೇ ಅದು: “ಯಾವಾಗ ಶುರು ಆತು?”

“ಮುಂಜಾನಿ” ಎಂದ ಭಾವ.

“ಮುಂಜಾನಿ ಅಂದ್ರ? ಎಷ್ಟಕ್ಕ?”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನಿಂದ ಸೊಸೆ ಹೇಳಿದಳು, “ಎಂಟೂ ಕಾಲ್ರಿ. ನಾ ಗಡಿಯಾರ ನೋಡೇನ್ರಿ.”

ಡಾಕ್ಟರು ಗೋಡೆಯ ಗಡಿಯಾರ ನೋಡಿದ. ಕೈ ಎತ್ತಿ ನೋಡಿ, ಇದೇನು ಎಂದು ಕೇಳಿದ. “ಪಾರಿವಾಳದ ರಕ್ತ, ಸರ್” ಎಂದು ಮೊಮ್ಮಗಳು ಹೇಳಿದಳು. ಹೇಳುವಾಗ ಅವಳು ನೆಲ ನೋಡುತ್ತಿದ್ದಳು, ತಾನೇ ಹಚ್ಚಿದವಳ ಹಾಗೆ. ತಲೆಯ ಫೋಟೋ ತೆಗೆದರು. ಗಂಟೇ ಇತ್ತು. ಸೂಜಿಯ ವೇಳೆ ಮೀರಿತ್ತು. ಜೀವ ಉಳಿಯುತ್ತದೆ, ಕೈ ಮತ್ತು ಮಾತಿನ ಭರವಸೆ ಕೊಡಲಾರೆ ಎಂದ. ಕೆಲವರಿಗೆ ಸೂಜಿ ಕೊಟ್ಟರೂ ಬರುವುದಿಲ್ಲ ಎಂದೂ ಹೇಳಿದ, ನಮ್ಮ ಸಮಾಧಾನಕ್ಕೆ. ಆ ಮಾತು ಭಾವನಿಗೆ ಬಹಳ ಹಿಡಿಸಿತು. ಬಂದವರಿಗೆಲ್ಲ ಇವತ್ತಿನವರೆಗೂ ಅದನ್ನೇ ಹೇಳುತ್ತಾನೆ. “ಸೂಜಿ ಕೊಟ್ಟಿದ್ರೂ ಬರ್ತಿರಲಿಲ್ಲ ಅಂತ ಡಾಕ್ಟರ ಅಂದಾರ.”

ಅವನು ಕೆಟ್ಟವನಲ್ಲ ಎಂದು ಊರವರು ಹೇಳುತ್ತಾರೆ. ತಮ್ಮನ ಹೆಂಡತಿಗಾಗಿ ಅಷ್ಟು ದೂರ ಓಡಿದ ಎಂದು ಹೇಳುತ್ತಾರೆ. ಓಡಿದ, ಖರೆ. ಒಳ್ಳೆಯವನೋ ಕೆಟ್ಟವನೋ ಎಂದು ತೂಗುವ ಕೆಲಸ ನನ್ನದಲ್ಲ. ನನ್ನ ತಂಗಿ ಗಡಿಯಾರ ಬಡಿದು ತೋರಿಸಿದಳು. ಮುಂದೆ ಕುಳಿತವನು ತಿರುಗಿ ನೋಡಲಿಲ್ಲ. ನನಗೆ ಇಷ್ಟು ಗೊತ್ತು.

ತಂಗಿ ಮನೆಗೆ ಬಂದಳು. ಬಲಗೈ ಬರಲಿಲ್ಲ. ಕಾಲು ಎಳೆಯುತ್ತ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾಳೆ. ಮಾತು ಒಂದೂ ಬರಲಿಲ್ಲ. ಅವ್ವಾ ಎನ್ನಲೂ ಬರಲಿಲ್ಲ. ಹಿತ್ತಲಿನ ಒಲೆಗಳನ್ನು ಕೆಲವು ದಿನ ಹಚ್ಚಲಿಲ್ಲ. ಆಮೇಲೆ ಹಚ್ಚಿದರು, ಹೊಟ್ಟೆಪಾಡು ಬಿಡುತ್ತದೆಯೇ. ಆ ದಿನ ನಾನೂ ಅಲ್ಲಿದ್ದೆ. ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಯಾರೂ ಹಾಡಲಿಲ್ಲ, ಬರೀ ಬಡಿತ. ಪಡಸಾಲೆಯಿಂದ ದನಿ ಬಂತು.

ನಗಸಿ ನೋಡ ತಂಗಿ ಬಾಯಿ ಸೊಟ್ಟಾಗೇತೇನ.

ಒಂದು ಅಕ್ಷರ ತೊದಲಲಿಲ್ಲ. ಮೂರೂ ಸಾಲು, ಮೊದಲಿನ ಕಂಠ, ಮೊದಲಿನ ರಾಗ. ಹಿತ್ತಲಲ್ಲಿ ಎಲ್ಲರ ಕೈ ಹಿಟ್ಟಿನ ಮೇಲೆ ನಿಂತವು. ಸೊಸೆ ಓಡಿ ಹೋಗಿ, “ಅತ್ತೀ, ಏನಂದ್ರಿ? ಮತ್ತ ಅನ್ರಿ” ಎಂದಳು. ತಂಗಿ ಬಾಯಿ ತೆರೆದಳು. ಮಾತು ಬರಲಿಲ್ಲ. ಮತ್ತೆ ಹಾಡೇ ಬಂತು.

ಮೊಮ್ಮಗಳನ್ನು ಕೇಳಿದೆ. “ತಲ್ಯಾಗ ಮಾತಿನ ಜಾಗಾ ಬ್ಯಾರೆ, ಹಾಡಿನ ಜಾಗಾ ಬ್ಯಾರೆ ಇರತಾವ ಆಯಿ. ಮಾತಿಂದು ಕೆಟ್ಟೇತಿ. ಹಾಡಿಂದು ಉಳದೈತಿ. ಕೆಲವರಿಗೆ ಹಂಗ ಆಗತೈತಿ” ಎಂದಳು. ಆದರೆ ತಂಗಿಗೆ ಬೇರೆ ಹಾಡು ಯಾವುದೂ ಬರಲಿಲ್ಲ. ಅಂಟಿನುಂಡಿಯದೂ ಬರಲಿಲ್ಲ, ಲಗ್ನದ್ದೂ ಬರಲಿಲ್ಲ, ನಾವು ಹುಡುಗಿಯರಾಗಿ ಬೀಸುಕಲ್ಲಿನ ಮುಂದೆ ಹಾಡಿದ್ದು ಒಂದೂ ಬರಲಿಲ್ಲ. ಅವೆಲ್ಲಕ್ಕೂ ನಾನು ಮೊದಲ ಮಾತು ಎತ್ತಿಕೊಟ್ಟು ನೋಡಿದೆ. ಇದೊಂದೇ. ನೀರು ಬೇಕಾದರೆ ಇದನ್ನು ಹಾಡುತ್ತಾಳೆ. ಹೊರಗೆ ಹೋಗಬೇಕಾದರೆ ಇದನ್ನು ಹಾಡುತ್ತಾಳೆ. ಸಿಟ್ಟು ಬಂದರೂ ಇದೇ, ಅಳು ಬಂದರೂ ಇದೇ. ಬಾಯಿ ಸೊಟ್ಟಾಗೇತೇನ, ಗಾಡಿ ತರಸವ್ವ. ದಿನವೆಲ್ಲ ಆ ಮನೆಯಲ್ಲಿ ಇದೇ ಹಾಡು.

ಭಾವ ಅದೇ ಪಡಸಾಲೆಯಲ್ಲಿ ಕೂರುವವನು. ಒಂದು ದಿನ ನನ್ನ ಹತ್ತಿರ ಬಂದು ನಿಂತು, “ಅಕ್ಕಾರ, ಆಕಿಗೆ ಬ್ಯಾರೆ ಒಂದ ಹಾಡ ಕಲಸ್ರಿ. ದೇವರದ್ದು ಯಾವುದರೆ” ಎಂದ.

“ಆಕಿಗೆ ಅದ ಬರತೈತ್ರಿ ಅಣ್ಣಾರ. ನೀವ ಬ್ಯಾರೆ ಕಡೆ ಕುಂದರ್ರಿ.”

ಅವನು ಬೇರೆ ಕಡೆ ಕೂರಲಿಲ್ಲ. ರೂಢಿಯ ಜಾಗ, ಹಿರಿಯನ ಜಾಗ. ಬಿಟ್ಟರೆ ಏನೆಂದಾರು ಎಂದು ಕೂತೇ ಇದ್ದಾನೆ. ಕೇಳುತ್ತಾನೆ.

ಹಾಡಿಗೆ ಇನ್ನೊಂದು ಸಾಲು ಹಾಕಿದವಳು ಸೊಸೆ. ನಾನಲ್ಲ. ಹಿತ್ತಲಲ್ಲಿ ಒಂದು ದಿನ ಎಲ್ಲರೂ ಮೂರು ಸಾಲು ಮುಗಿಸಿದಾಗ ಅವಳೊಬ್ಬಳೇ ಮುಂದುವರಿಸಿದಳು:

ಹಿರಿಯಾರ ಬರಲೆಂದು ಹಾದಿ ಕಾಯಬ್ಯಾಡವ್ವ

ಉಳಿದವರು ಬಾಗಿಲ ಕಡೆ ನೋಡಿದರು. ಅವಳು ತಲೆ ಎತ್ತಲಿಲ್ಲ, ರೊಟ್ಟಿ ಬಡಿಯುತ್ತಲೇ ಇದ್ದಳು. ಮರುದಿನ ಇಬ್ಬರು ಕೂಡಿದರು. ಸೊಸೆ ಮನೆಯಲ್ಲಿ ಗಂಡನ ಜೊತೆ ಎಷ್ಟು ಮಾತಾಡುತ್ತಾಳೋ ನನಗೆ ಗೊತ್ತಿಲ್ಲ. ಕಡಿಮೆಯೇ ಇರಬೇಕು.

ಈ ವರ್ಷ ಮತ್ತೆ ಕಾರ್ಯಕ್ರಮದವರು ನನ್ನನ್ನು ಹುಡುಕಿಕೊಂಡು ಬನಹಟ್ಟಿಗೆ ಬಂದರು. ಹಾಡು ಊರೂರಿಗೆ ಮುಟ್ಟಬೇಕಂತೆ, ಗೋಡೆಯ ಮೇಲೆ ಬರೆಸುತ್ತಾರಂತೆ. ನಾನು ನಾಲ್ಕೂ ಸಾಲು ಹೇಳಿದೆ. ಬಂದವಳು ಚಲೋ ಸೀರೆಯ ಹೆಂಗಸು, ನಯವಾಗಿ ಮಾತಾಡುತ್ತಿದ್ದಳು.

“ಅಜ್ಜೀ, ಮೂರು ಸಾಲು ಸಾಕು. ನಾಲ್ಕನೆಯದು ಊರಿನ ಹಿರಿಯರಿಗೆ ಬೇಸರ ತರಿಸೀತು. ನಮಗೆ ಅವರ ಸಹಕಾರ ಬೇಕಲ್ಲ.”

“ಹಂಗಾದ್ರ ಮೂರೂ ಬ್ಯಾಡ್ರಿ” ಎಂದೆ.

ಅವಳು ನಕ್ಕು ಚಹಾ ಕುಡಿದು ಹೋದಳು. ಹೋದ ತಿಂಗಳು ಮುಧೋಳದ ಹಾದಿಯ ಒಂದು ಗೋಡೆಯ ಮೇಲೆ ಕಂಡೆ. ಮೂರೇ ಸಾಲು, ಕೆಂಪು ಬಣ್ಣದಲ್ಲಿ, ಪಕ್ಕದಲ್ಲಿ ಒಂದು ಗಡಿಯಾರದ ಚಿತ್ರ. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತವಳು ಅದನ್ನು ಓದಿ, “ಎಷ್ಟ ಛಲೋ ಬರದಾರ ನೋಡವ್ವ” ಎಂದಳು.

ಮೊನ್ನೆ ಬೀಳಗಿಗೆ ಹೋಗಿದ್ದೆ. ತಂಗಿಯ ತಲೆ ಬಾಚಿ ಹೆರಳು ಹಾಕುತ್ತಿದ್ದೆ. ಭಾವ ತನ್ನ ಜಾಗದಲ್ಲಿ ಕುಳಿತಿದ್ದ. ಹಿತ್ತಲಲ್ಲಿ ರೊಟ್ಟಿ ಶುರುವಾಯಿತು, ಹಾಡು ಶುರುವಾಯಿತು. ಈಗ ನಾಲ್ಕನೆಯ ಸಾಲನ್ನು ಎಲ್ಲರೂ ಹಾಡುತ್ತಾರೆ, ಪಡಸಾಲೆಗೆ ಕೇಳಿಸುವ ಹಾಗೆ. ಭಾವ ಕೆಮ್ಮಿದ. ತಂಗಿ ಕಿವಿ ಕೊಟ್ಟು ಕೇಳಿದಳು. ಕೇಳಿ ಅವನ ಕಡೆ ನೋಡಿ ನಕ್ಕಳು. ಬಾಯಿ ಒಂದು ಕಡೆ ಹೋಯಿತು, ಜೊಲ್ಲು ಇಳಿಯಿತು. ಸೆರಗಿನಿಂದ ಒರೆಸಿದೆ.

ಆಮೇಲೆ ಅವಳೂ ಎತ್ತಿಕೊಂಡಳು. ಮೂರು ಸಾಲು ನೆಟ್ಟಗೆ ಹಾಡಿದಳು. ನಾಲ್ಕನೆಯದಕ್ಕೆ ಬಾಯಿ ತೆರೆದು ನಿಂತಳು. ಹೊಸ ಮಾತು ಅವಳಲ್ಲಿ ನಿಲ್ಲುವುದಿಲ್ಲ. ನಾನು ಎಷ್ಟು ದಿನ ಕೂತು ಹೇಳಿಕೊಟ್ಟರೂ ನಿಂತಿಲ್ಲ. ಹಣೆಯ ನರ ಉಬ್ಬುವವರೆಗೆ ತಡಕಾಡಿದಳು. ಸಿಗಲಿಲ್ಲ. ತಿರುಗಿ ಮೊದಲಿನಿಂದ ಹಿಡಿದಳು, ನಗಸಿ ನೋಡ ತಂಗಿ.

ಈ ಸಲ ಎಡಗೈಯನ್ನು ತಂಬಿಗೆಯ ಕಡೆ ಚಾಚಿದಳು, ಅವಳಿಗೆ ನೀರು ಬೇಕಾಗಿತ್ತು. ಎದ್ದು ತಂದು ಕುಡಿಸಿದೆ.